ಉಣ್ಣೆ ಬುಟ್ಟಿಯೊಳಗಿನ ಫೋನು

ಚಳ್ಳಕೆರೆಯಲ್ಲಿ ನಮ್ಮ ಕಂಬಳಿ ನೇಕಾರರ ಸಂಸ್ಥೆಯ ಫೇಸ್‌ಬುಕ್ ಪೇಜು ನೋಡಿಕೊಳ್ಳುತ್ತಿದ್ದ ಅಕ್ಕ, ಸಂಜೆ ಮಗ್ಗ ನಿಂತ ತಕ್ಷಣ ಸಂಸ್ಥೆಯ ಫೋನನ್ನು ಉಣ್ಣೆ ಬುಟ್ಟಿಯಲ್ಲಿ ಹುದುಗಿಸಿಬಿಡುತ್ತಿದ್ದಳು. "ಕತ್ಲಾಗೆ ಕರಿ ಎಳೆ ಕಾಣಲ್ಲ, ತಪ್ಪು ನೇಯ್ತೀವಿ" ಎಂದು ನೇಕಾರರು ಮಗ್ಗ ಬಿಟ್ಟು ಏಳುತ್ತಿದ್ದರು. ಫೋನು ಮುಚ್ಚಿಡುವಾಗ ಅವಳೂ ಅದನ್ನೇ ಹೇಳುತ್ತಿದ್ದಳು.

ಒಂದು ಸಂಜೆ ಯಾರೋ ಪೇಜಿನಲ್ಲಿ "ಇವೆಲ್ಲ ನುಣ್ಣನೆ ಮಿಲ್ ಕಂಬಳಿ, ಕೈಮಗ್ಗದ್ದಲ್ಲ, ಮೋಸ" ಎಂದು ಬರೆದಿದ್ದರು. ಹೊಸದಾಗಿ ಸೇರಿದ್ದ ನಾನು ಅದನ್ನು ನನ್ನ ಫೋನಿನಲ್ಲಿ ಓದಿ ಉರಿದುಹೋದೆ. ಸಂಸ್ಥೆಯ ಪರವಾಗಿ ಉತ್ತರ ಕೊಡೋಣವೆಂದು ಬುಟ್ಟಿಗೆ ಕೈ ಹಾಕಿದೆ. ಅವಳು ನಗುತ್ತಾ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡಳು.

"ಕರಿ ಎಳೆ ಕಾಣಲ್ಲ ಕಣವ್ವ. ಮನೆಗೆ ಹೋಗು, ಬೆಳಿಗ್ಗೆ ನೋಡಾನ."

ಮನಸ್ಸಿನಲ್ಲೇ ನಾನು ಎರಡು ಪುಟದಷ್ಟು ಬೈಗುಳ ಬರೆದಿಟ್ಟುಕೊಂಡಿದ್ದೆ. ಬೆಳಿಗ್ಗೆ ಚಾ ಕುಡಿದು ಅವಳು ಬರೆದದ್ದು ಇಷ್ಟೇ:

"ಬಂದು ಹೊದ್ಕೊಂಡು ನೋಡ್ರಿ. ಚುಚ್ಚಿದ್ರೆ ನಮ್ದೇ."