ಗುಲ್ಮಾರ್ಗದ ಹುಲ್ಲಿಗೆ ಚರಗ

"ತಮ್ಮಾ, ಮೊದ್ಲ ಚಪ್ಪಲಿ ಬಿಡು!" ಎಂದು ದೊಡ್ಡವ್ವ ಗದರಿದಾಗ ನಾವು ಗುಲ್ಮಾರ್ಗದ ಗಾಲ್ಫ್ ಮೈದಾನದ ಅಂಚಿನಲ್ಲಿದ್ದೆವು. ಎಂಬತ್ತರ ದಶಕದ ಮಾತು. ಸುತ್ತ ಹಿಮ ಹೊತ್ತ ಬೆಟ್ಟಗಳು, ನಡುವಿನ ಕಣಿವೆಯಲ್ಲಿ ಕಣ್ಣು ಹರಿಯುವಷ್ಟು ದೂರ ಹಸಿರು. ನಮ್ಮೂರು ಹಮ್ಮಿಗಿಯ ಎರೆಹೊಲ ಬಿಟ್ಟು ಮೊದಲ ಸಲ ಹೊರಬಿದ್ದಿದ್ದ ಆಕೆಯ ಕಣ್ಣಿಗೆ ಅದು ಯಾರದೋ ಬೆಳೆ.

ಇದು ಚೆಂಡಾಡುವ ಬಯಲೆಂದು ನಾನು ಹೇಳುವಷ್ಟರಲ್ಲಿ ಆಕೆ ಬರಿಗಾಲಲ್ಲಿ ಹುಲ್ಲಿಗೆ ಇಳಿದಾಗಿತ್ತು. ಬುತ್ತಿಯ ಖಡಕ್ ರೊಟ್ಟಿ ಮುರಿದು ಪುಡಿಮಾಡಿ, ಶೀಗಿ ಹುಣ್ಣಿಮೆಗೆ ನಮ್ಮ ಹೊಲದಲ್ಲಿ ಬಸುರಿ ಭೂತಾಯಿಗೆ ಚೆಲ್ಲುವಂತೆಯೇ ಚರಗ ಚೆಲ್ಲತೊಡಗಿದಳು. ಚೆಂಡು ಹೊಡೆಯಲು ಕೋಲೆತ್ತಿದ್ದ ಆಟಗಾರರೊಬ್ಬರು ಹಾಗೇ ನಿಂತರು. ಇನ್ನು ಬೈಗುಳವೇ ಎಂದು ನಾನು ಹೆದರಿದೆ. ಅವರು ಕೋಲು ಕೆಳಗಿಟ್ಟು, ಆಕೆ ಮುಗಿಸುವವರೆಗೂ ಸುಮ್ಮನೆ ಕಾದರು.

"ಇದು ಬರೇ ಹುಲ್ಲು ದೊಡ್ಡವ್ವ, ಬೆಳಿ ಅಲ್ಲ" ಎಂದೆ.

"ಆದ್ರೇನಾತು? ಹಸರ ಸೀರಿ ಉಟ್ಟು ತಾಯಿ ಕುಂತಾಳ. ಆಕಿ ಮುಂದಿಂದ ಬರಿಗೈಲೆ ಹೋಗಂತಿ ಏನ?"

ಆ ವರ್ಷದ ಶೀಗಿ ಹುಣ್ಣಿಮೆಯಲ್ಲಿ ಹೊಲಕ್ಕೆಲ್ಲ ಚರಗ ಚೆಲ್ಲಿದ ಮೇಲೂ ದೊಡ್ಡವ್ವ ಒಂದು ಹಿಡಿ ಉಳಿಸಿಕೊಂಡು, ಉತ್ತರಕ್ಕೆ ತಿರುಗಿ ತೂರಿದಳು. ಈಗ ಆಕೆಯಿಲ್ಲ. ಆ ಒಂದು ಹಿಡಿಯನ್ನು ನಾನು ತೂರುತ್ತೇನೆ.