ಏಜಾಜ್ ಅಹಮದರ ಹನ್ನೆರಡು ಗುಣಗಳು

ಗಂಗಹನುಮಯ್ಯ ಏಜಾಜ್ ಅಹಮದರನ್ನು ಮೊದಲು ಕಂಡದ್ದು ೧೯೮೧ರ ಜುಲೈ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ. ಗುಬ್ಬಿಯ ಹೈಸ್ಕೂಲೊಂದರಲ್ಲಿ ಸಮಾಜ ಪಾಠದ ಮೇಷ್ಟ್ರಾಗಿ ಸೇರಿ ಆಗ ಅವನಿಗೆ ಒಂದೇ ತಿಂಗಳಾಗಿತ್ತು. ಹರಿದುಹೋಗಿದ್ದ ಲೈಬ್ರರಿ ಪುಸ್ತಕಗಳಿಗೆ ರಟ್ಟು ಹಾಕಿಸಿಕೊಂಡು ಬರುವ ಕೆಲಸವನ್ನು ಹೆಡ್ಮಾಸ್ತರು ಹೊಸಬನ ಹೆಗಲಿಗೆ ಹಾಕಿದ್ದರು. ಇಪ್ಪತ್ತಮೂರು ಪುಸ್ತಕಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಕೇಳಿಕೊಂಡು ಕೇಳಿಕೊಂಡು ಮಂಡಿಪೇಟೆಯ ಒಂದು ಸಂದಿಗೆ ಬಂದ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಒಳಮನೆಗೆ ಹೋಗುವ ಬಾಗಿಲಿಗೆ ನೀಲಿ ಪರದೆ. ಒಲೆಯ ಮೇಲೆ ಮೈದಾ ಹಿಟ್ಟಿನ ಅಂಟು ಕುದಿಯುತ್ತಿತ್ತು. ಹುಳ ಬೀಳದಿರಲೆಂದು ಹಾಕಿದ್ದ ಮೈಲುತುತ್ತದಿಂದ ಅದಕ್ಕೆ ತಿಳಿ ಹಸಿರು ಬಣ್ಣ ಬಂದಿತ್ತು. ಮೂವತ್ತೈದರ ಆಸುಪಾಸಿನ ಸಣಕಲು ಮನುಷ್ಯ ನೆಲದ ಮೇಲೆ ಕಾಲು ಚಾಚಿ ಕೂತು ದಪ್ಪ ಸೂಜಿಯಿಂದ ಒಂದು ರಿಜಿಸ್ಟರನ್ನು ಹೊಲಿಯುತ್ತಿದ್ದರು. ಗಂಗಹನುಮಯ್ಯ ಚೀಲ ಇಳಿಸಿದ. ಆತ ಒಂದೊಂದೇ ಪುಸ್ತಕ ತೆಗೆದು, ಬೆನ್ನು ಸವರಿ, ಹೊಲಿಗೆ ಹಿಗ್ಗಿಸಿ ನೋಡಿದರು. ಆಮೇಲೆ ತಲೆಯೆತ್ತಿ, ಆ ಪುಸ್ತಕಗಳಿಗೆ ಸಂಬಂಧವೇ ಇಲ್ಲದ ಮಾತು ಕೇಳಿದರು.

"ಮೇಷ್ಟ್ರೇ, ಒಂದು ಹೊಳೆ. ತೆಪ್ಪದಲ್ಲಿ ನಾಲ್ಕು ಜನಕ್ಕೆ ಜಾಗ. ನೀವು ಐದು ಜನ ಇದೀರಾ. ಹಿಂದ್ಗಡೆ ಪಾಳೇಗಾರನ ಕುದುರೆ ಬರ್ತಾ ಅವೆ. ಏನ್ ಮಾಡ್ತೀರಾ?"

ಗಂಗಹನುಮಯ್ಯ ತಬ್ಬಿಬ್ಬಾದ. ತಮಾಷೆ ಇರಬೇಕೆಂದು ನೋಡಿದರೆ ಆ ಮುಖದಲ್ಲಿ ನಗುವಿರಲಿಲ್ಲ. ಉತ್ತರಕ್ಕಾಗಿ ಸೂಜಿಯೇ ನಿಂತಿತ್ತು.

"ಮಿಕ್ಕ ನಾಲ್ಕು ಜನ ಏನಂತಾರೆ?" ಎಂದ.

ಏಜಾಜ್ ಅಹಮದ್ ನಿಧಾನವಾಗಿ ತಲೆಯಾಡಿಸಿ, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಒಂದು ಕಾಗದದ ಚೂರಿನ ಮೇಲೆ ಅದನ್ನು ಬರೆದುಕೊಂಡರು. "ನಾಳೆ ಹತ್ತು ಗಂಟೆಗೆ ಬನ್ನಿ. ಏನಂತಾರೆ ಅಂತ ಅವರನ್ನೇ ಕೇಳ್ಬೋದು," ಎಂದರು.

ಮಾರನೆಯ ದಿನ ಗಂಗಹನುಮಯ್ಯ ಹೋದ. ಆಮೇಲೆ ಹೆಚ್ಚುಕಮ್ಮಿ ಪ್ರತಿ ಭಾನುವಾರವೂ ಹೋದ.

ಆ ಆಟ ಹುಟ್ಟಿದ ಕಥೆಯನ್ನು ಏಜಾಜ್ ಅಹಮದ್ ಒಂದೇ ಸಲಕ್ಕೆ ಹೇಳಲಿಲ್ಲ. ತಿಂಗಳುಗಟ್ಟಲೆ ಅಷ್ಟಷ್ಟೇ ಹೇಳಿದರು. ೧೯೭೮ರಲ್ಲಿ ಬೆಂಗಳೂರಿನಿಂದ ಬಂದ ರದ್ದಿ ಕಾಗದದ ಕಟ್ಟಿನಲ್ಲಿ ಅವರಿಗೆ ಒಂದು ಇಂಗ್ಲಿಷ್ ಹೊತ್ತಗೆ ಸಿಕ್ಕಿತ್ತು. ಅದಕ್ಕೆ ರಟ್ಟಿರಲಿಲ್ಲ, ಹೆಸರೂ ಇರಲಿಲ್ಲ. ಅಚ್ಚಿನವರು ಹದಿನಾರು ಪುಟದ ಒಂದು ಕಂತೆಗೆ ಫಾರಂ ಅನ್ನುತ್ತಾರೆ. ಅದರ ಮೊದಲ ಫಾರಮ್ಮೇ ಕಳಚಿಹೋಗಿತ್ತು. ಉಳಿದದ್ದು ಹದಿನೇಳನೆಯ ಪುಟದಿಂದ. ಏಜಾಜ್ ಓದಿದ್ದು ಏಳನೇ ಕ್ಲಾಸು, ಅದೂ ಉರ್ದುವಿನಲ್ಲಿ. ಯಾರೋ ಗಿರಾಕಿ ಕಟ್ಟಲು ಕೊಟ್ಟು ಮರೆತುಹೋಗಿದ್ದ ಡಿಕ್ಷನರಿ ಒಂದು ಅಂಗಡಿಯಲ್ಲಿತ್ತು. ಅದನ್ನು ಪಕ್ಕದಲ್ಲಿಟ್ಟುಕೊಂಡು, ಅಂಟು ಒಣಗುವ ಹೊತ್ತಿನಲ್ಲೆಲ್ಲ ಒಂದೊಂದು ಸಾಲಿನಂತೆ, ಎರಡು ವರ್ಷ ಓದಿದರು.

ಅದೊಂದು ಆಟದ ಹೊತ್ತಗೆ. ಪಗಡೆಯಂತೆ ಹಾಸಿಲ್ಲ, ಕಾಯಿಲ್ಲ. ಒಬ್ಬರು ಕಥೆ ನಡೆಸುತ್ತಾರೆ. ಮಿಕ್ಕವರು ತಲಾ ಒಂದು ಪಾತ್ರವಾಗಿ, ಆ ಪಾತ್ರ ಏನು ಮಾಡುತ್ತದೆಂದು ಬಾಯಲ್ಲಿ ಹೇಳುತ್ತಾರೆ. ಪ್ರತಿ ಪಾತ್ರಕ್ಕೂ ಗುಣಗಳಿರುತ್ತವೆ. ಮಾಡಿದ ಕೆಲಸದಿಂದ ಗುಣ ಬದಲಾಗುತ್ತದೆ, ಗುಣದಿಂದ ಮುಂದಿನ ಕೆಲಸ ನಿಲ್ಲುತ್ತದೆ ಅಥವಾ ನಡೆಯುತ್ತದೆ. ಇಷ್ಟೆಲ್ಲ ಇದ್ದ ಪುಟಗಳಲ್ಲೇ ಇತ್ತು. ಆದರೆ ಮೊಟ್ಟಮೊದಲು ಆ ಗುಣವನ್ನು ಬರೆಯುವವರು ಯಾರು? ಅದು ಕಳೆದುಹೋದ ಹದಿನಾರು ಪುಟಗಳಲ್ಲಿತ್ತು. ಏಜಾಜ್ ತಿಂಗಳಾನುಗಟ್ಟಲೆ ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು: ತನ್ನ ಗುಣ ತಾನೇ ಬರೆದುಕೊಳ್ಳೋಕೆ ಯಾರಿಗೂ ಆಗೋದಿಲ್ಲ, ಆದ್ದರಿಂದ ಪಕ್ಕದಲ್ಲಿ ಕೂತವರು ಬರೆಯಬೇಕು.

ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹನ್ನೆರಡು ಗುಣಗಳಿದ್ದವು. ಧೈರ್ಯಕ್ಕೆ ಎದುರು ಅಂಜಿಕೆ, ದಯೆಗೆ ಎದುರು ಕಲ್ಲೆದೆ, ತಾಳ್ಮೆಗೆ ಎದುರು ಹಠ, ಹೀಗೆ ಆರು ಜೋಡಿ. ಪ್ರತಿಯೊಬ್ಬರಿಗೂ ಬೈಂಡಿಂಗಿನಲ್ಲಿ ಮಿಕ್ಕ ಒಂದು ತುಂಡು ರಟ್ಟು. ಶುರುವಿನಲ್ಲಿ ಅದು ಖಾಲಿ. ಆಟ ಮುಗಿದ ಮೇಲೆ ಪ್ರತಿಯೊಬ್ಬರ ಬಗ್ಗೆಯೂ ಮಿಕ್ಕವರು ಒಂದೊಂದು ಗುಣವನ್ನು ಚೀಟಿಯಲ್ಲಿ ಬರೆದು ಹಾಕಬೇಕು. ಮೂರು ಚೀಟಿಯಲ್ಲಿ ಒಂದೇ ಪದ ಬಂದರೆ ಮಾತ್ರ ಅದು ರಟ್ಟಿಗೆ ಏರುತ್ತದೆ. ಅಳಿಸಬೇಕಾದರೆ ಅದರ ಎದುರು ಪದ ಮೂರು ಚೀಟಿಯಲ್ಲಿ ಬರಬೇಕು. ಹೊತ್ತಗೆಯಲ್ಲಿದ್ದ ಹಲವು ಮುಖದ ದಾಳಗಳು ತುಮಕೂರಿನಲ್ಲಿ ಸಿಗುವಂತಿರಲಿಲ್ಲ. ಅದಕ್ಕೆ ಹುಣಸೆಬೀಜವನ್ನು ಸೀಳಿ, ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿದ ಹತ್ತು ಅರೆಬೀಜಗಳು.

ಆಡುವವರು ಮೂವರು. ಬೆಂಗಳೂರು ರೂಟಿನ ಬಸ್ ಕಂಡಕ್ಟರ್ ವೀರಭದ್ರಯ್ಯ, ಕ್ಯಾತ್ಸಂದ್ರದ ಪ್ರೈಮರಿ ಸ್ಕೂಲಿನ ಹೆಡ್ಮಿಸ್ಟ್ರೆಸ್ ಸುಂದರಮ್ಮ, ಈಗ ಗಂಗಹನುಮಯ್ಯ. ಕಥೆ ನಡೆಸುವ ಏಜಾಜ್ ಚೀಟಿ ಬರೆಯುತ್ತಿರಲಿಲ್ಲ. ಮಿಕ್ಕ ಇಬ್ಬರ ಚೀಟಿಯ ಜೊತೆಗೆ ಮೂರನೆಯದು ಒಳಮನೆಯಿಂದ ಬರುತ್ತಿತ್ತು. ಏಜಾಜರ ತಾಯಿ ಸರ್ವರ್ ಬೇಗಂ ಪರದೆಯ ಹಿಂದೆ ಅಕ್ಕಿ ಆರಿಸುತ್ತ ಇಡೀ ಆಟ ಕೇಳಿಸಿಕೊಳ್ಳುತ್ತಿದ್ದರು. ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಮಾತು ಮಾತ್ರ. ಅವರ ಚೀಟಿ ಉರ್ದುವಿನಲ್ಲಿರುತ್ತಿತ್ತು. ಮಗ ಓದಿ ಹೇಳುತ್ತಿದ್ದರು.

ಗಂಗಹನುಮಯ್ಯನ ಪಾತ್ರ ಕೆಂಚ ಎಂಬ ಬೇಟೆಗಾರ. ಏಜಾಜ್ ಅಹಮದ್ ಕಥೆ ಹೇಳತೊಡಗಿದರೆ ಅಂಟಿನ ವಾಸನೆ ಮರೆತುಹೋಗುತ್ತಿತ್ತು. ಕೋಟೆಯ ಕಲ್ಲಿನ ತಣ್ಣನೆ ಅಂಗೈಗೆ ತಾಗಿದಂತಾಗುತ್ತಿತ್ತು. ಏಳನೇ ಕ್ಲಾಸಿನ ಓದು ಇಂಥ ಊರುಗಳನ್ನು ಎಲ್ಲಿಂದ ತಂದಿತೆಂದು ಬಿ.ಎ. ಓದಿದ ಗಂಗಹನುಮಯ್ಯ ಬೆರಗಾಗಿ ಕೂತಿರುತ್ತಿದ್ದ. ಆದರೆ ನಾಲ್ಕನೆಯ ಭಾನುವಾರ ಅವನ ರಟ್ಟಿನ ಮೇಲೆ ಮೊದಲ ಪದ ಬಿತ್ತು. ಮೂರು ಚೀಟಿಯಲ್ಲೂ ಒಂದೇ: ಅಂಜಿಕೆ.

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯ ಅವನ ಊರಿನಲ್ಲಿ ಡಿಗ್ರಿ ಮಾಡಿದವನು ಅವನೊಬ್ಬನೇ. ಊರಿಗೆ ಹೋದರೆ ಜಗಲಿಯಲ್ಲಿ ಕೂತವರು ಎದ್ದು ಜಾಗ ಬಿಡುತ್ತಿದ್ದರು. ಅವನಿಗೆ ಇಂಥ ಮಾತನ್ನು ಯಾರೂ ಅಂದಿರಲಿಲ್ಲ.

"ಕೆಂಚ ಯಾವತ್ತು ಓಡಿಹೋದ, ಹೇಳಿ ನೋಡಾಣ?" ಎಂದು ಕೇಳಿದ.

"ಓಡಿಹೋಗಿಲ್ಲ ಕಣಪ್ಪ," ಎಂದರು ಸುಂದರಮ್ಮ. "ಎಲ್ರೂ ಬಾಯಿಬಿಡೋವರ್ಗೂ ನಿನ್ನ ಕೆಂಚ ಬಾಯಿಬಿಡಲ್ಲ. ನಾಲ್ಕು ವಾರದಿಂದ ನೋಡ್ತಾ ಇದೀನಿ."

"ಬುಡಿ ಮೇಷ್ಟ್ರೇ," ಎಂದ ವೀರಭದ್ರಯ್ಯ. "ನನ್ ಕಳ್ಳಂಗೆ ಕಲ್ಲೆದೆ ಅಂತ ಬರ್ದವ್ರೆ. ನಾನೇನ್ ಅಳ್ತಾ ಕೂತಿದೀನಾ? ದಿನಾ ಬಸ್ಸಲ್ಲಿ ಅದನ್ನೇ ಅನ್ನಿಸ್ಕಂತೀನಿ."

ಆ ಪದ ಸುಮ್ಮನೆ ಕೂರುವಂಥದ್ದಲ್ಲ. ಅಪಾಯ ಬಂದಾಗಲೆಲ್ಲ ಕೆಂಚ ಬೀಜ ಹಾಕಬೇಕು. ಐದಕ್ಕಿಂತ ಕಡಿಮೆ ಬಿಳಿ ಬಿದ್ದರೆ, ಗಂಗಹನುಮಯ್ಯನಿಗೆ ಎಷ್ಟೇ ಆಸೆಯಿದ್ದರೂ ಕೆಂಚ ಹಿಂದೆ ಸರಿಯುತ್ತಾನೆ. ಅದನ್ನು ಅಳಿಸಬೇಕೆಂಬುದೇ ಗಂಗಹನುಮಯ್ಯನ ಹಂಬಲವಾಯಿತು. ಒಂದು ಸಲ ಕಾರಣವೇ ಇಲ್ಲದೆ ಕೆಂಚನನ್ನು ಕೆರೆಯ ಕೋಡಿಗೆ ಧುಮುಕಿಸಿದ. ಬೀಜವೂ ಒಲಿಯಿತು. ಚೀಟಿಗಳು ಬಂದಾಗ ಸರ್ವರ್ ಬೇಗಂ ಬರೆದಿದ್ದರು: ಹಠ. ವೀರಭದ್ರಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಇನ್ನೊಂದು ಸಲ ಎರಡು ಚೀಟಿಯಲ್ಲಿ ಧೈರ್ಯ ಬಂದು ಮೂರನೆಯದರಲ್ಲಿ ತಪ್ಪಿತು. ಹೀಗೆ ಐದು ವರ್ಷ ಕಳೆದವು. ಈ ನಡುವೆ ಅವನಿಗೆ ಮದುವೆಯಾಯಿತು, ನೌಕರಿ ಖಾಯಂ ಆಯಿತು. ರಟ್ಟಿನ ಮೇಲಿನ ಪದ ಮಾತ್ರ ಹಾಗೇ ಇತ್ತು.

೧೯೮೬ರ ಆಗಸ್ಟಿನ ಒಂದು ಭಾನುವಾರ ವೀರಭದ್ರಯ್ಯ ಟಿಕೆಟ್ ಚೀಲದಿಂದ ಒಂದು ಹೊತ್ತಗೆ ತೆಗೆದು ನೆಲದ ಮೇಲೆ ಹಾಕಿದ. "ಮೆಜೆಸ್ಟಿಕ್ ಫುಟ್‌ಪಾತಲ್ಲಿ ಬಿದ್ದಿತ್ತು ಸಾಬ್ರೇ. ನಿಮ್ದೇ ಅಲ್ವಾ ನೋಡಿ."

ಅದೇ ಹೊತ್ತಗೆ, ಪೂರ್ತಿ. ಏಜಾಜ್ ಮೊದಲು ಮುಟ್ಟಿದ್ದು ಹೊಲಿಗೆಯನ್ನು. ಒಂದನೆಯ ಪುಟದಿಂದ ಹದಿನಾರರವರೆಗೆ ಬೆರಳಿನಲ್ಲಿ ಎಣಿಸಿ, ಹೊತ್ತಗೆಯನ್ನು ಸುಂದರಮ್ಮನವರ ಕೈಗೆ ಕೊಟ್ಟರು. ಅವರು ಕನ್ನಡಕ ಏರಿಸಿ, ಓದುತ್ತ ಓದುತ್ತ ಕನ್ನಡದಲ್ಲಿ ಹೇಳುತ್ತ ಹೋದರು. ಆರನೆಯ ಪುಟದಲ್ಲಿ ದನಿ ತಗ್ಗಿತು. ಆಟ ಶುರುವಾಗುವ ಮೊದಲು ಪ್ರತಿ ಆಟಗಾರನೂ ತನ್ನ ಪಾತ್ರದ ಗುಣವನ್ನು ತಾನೇ ಆರಿಸಿಕೊಳ್ಳಬೇಕು ಎಂದು ಅಲ್ಲಿತ್ತು.

ಪರದೆಯ ಹಿಂದೆ ಮೊರದ ಸದ್ದು ನಿಂತಿತು.

"ಹಂಗಾದ್ರೆ ಇಷ್ಟು ವರ್ಷ ನಾನು ತಪ್ಪು ಆಡಿಸ್ದೆ," ಎಂದರು ಏಜಾಜ್. ಬೇಸರ ತೋರಿಸಲಿಲ್ಲ. ಎದ್ದು ಹೊಸ ರಟ್ಟು ಕತ್ತರಿಸಿ ಮೂವರಿಗೂ ಒಂದೊಂದು ಕೊಟ್ಟರು. "ಬರ್ಕೊಳ್ಳಿ. ಅಚ್ಚಾಗಿರೋ ಮಾತು. ನಾನು ಪುಸ್ತಕ ಕಟ್ಟೋನು, ಪುಸ್ತಕಕ್ಕೆ ಎದುರು ಹೇಳೋಕಾಗಲ್ಲ."

ವೀರಭದ್ರಯ್ಯ ತನ್ನ ಕಳ್ಳನಿಗೆ ದಯೆ ಎಂದು ಬರೆದು, ರಟ್ಟನ್ನು ಎಲ್ಲರಿಗೂ ತೋರಿಸಿ ಮೀಸೆ ತೀಡಿದ. ಗಂಗಹನುಮಯ್ಯ ಪೆನ್ಸಿಲ್ ಹಿಡಿದು ಕೂತ. ಐದು ವರ್ಷ ಬೇಡಿದ ಪದ ಈಗ ಒಂದು ಗೀಟಿನ ದೂರದಲ್ಲಿತ್ತು. ಧೈರ್ಯ ಎಂದು ಬರೆದ. ಅಕ್ಷರ ದುಂಡಾಗಿಯೇ ಬಂತು.

ಆಟ ಶುರುವಾಯಿತು. ಕೋಟೆಯ ಹೆಬ್ಬಾಗಿಲು. ಒಳಗೆ ಹೋಗಿ ಔಷಧಿ ತರಬೇಕಾದರೆ ಒಬ್ಬರು ಇಲ್ಲಿ ಒತ್ತೆಯಿರಬೇಕು, ಮಿಕ್ಕವರು ಸಂಜೆಯೊಳಗೆ ಬರದಿದ್ದರೆ ಒತ್ತೆಯವನ ತಲೆ ಹೋಗುತ್ತದೆ ಎಂದ ಕಾವಲುಗಾರ. "ಕೆಂಚ ಇರ್ತಾನೆ," ಎಂದ ಗಂಗಹನುಮಯ್ಯ. ರಟ್ಟಿನ ಮೇಲೆ ಧೈರ್ಯ ಇದ್ದುದರಿಂದ ಬೀಜ ಹಾಕುವ ಪ್ರಮೇಯವೇ ಇರಲಿಲ್ಲ. "ಆಯ್ತು," ಎಂದು ಏಜಾಜ್ ಮುಂದುವರಿದರು.

ಇಂಥ ಹೊತ್ತಿನಲ್ಲಿ ಮೊದಲೆಲ್ಲ ಬೀಜದ ಮೇಲೆ ನಾಲ್ಕು ತಲೆ ಬಾಗಿರುತ್ತಿದ್ದವು. ಈಗ ವೀರಭದ್ರಯ್ಯ ಕಡಲೆಕಾಯಿ ಸುಲಿಯುತ್ತಿದ್ದ. ಸುಂದರಮ್ಮ ಗಡಿಯಾರ ನೋಡಿದರು. ಗಂಗಹನುಮಯ್ಯ ತನ್ನ ಕೈಯಲ್ಲಿದ್ದ ರಟ್ಟು ನೋಡಿಕೊಂಡ. ಅದರ ಮೇಲಿದ್ದದ್ದು ಅವನದೇ ಕೈಬರಹ, ಅಷ್ಟೇ. ಅವನನ್ನು ಐದು ವರ್ಷ ಕಣ್ಣಿಟ್ಟು ನೋಡಿದವರು, ಕಿವಿಗೊಟ್ಟು ಕೇಳಿದವರು ಈ ಕೋಣೆ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇರಲಿಲ್ಲ. ಆ ಹಳೆಯ ಪದ ಅವರು ಕೊಟ್ಟದ್ದು.

"ಸಾಬ್ರೇ, ನಿಲ್ಸಿ," ಎಂದ. "ನನ್ನ ಹಳೇ ರಟ್ಟು ಕೊಡಿ."

"ಪುಸ್ತಕದಲ್ಲಿ..."

"ಪುಸ್ತಕದಲ್ಲಿ ತಪ್ಪಿದೆ. ಬರ್ದೋನು ಯಾರೋ ನಂಗೊತ್ತಿಲ್ಲ, ದೊಡ್ಡೋನೇ ಇರ್ಬೋದು. ನಿಮ್ಮದೇ ಸರಿ. ನಾನು ಹುಡುಗ್ರಿಗೆ ಅಚ್ಚಾಗಿರೋದೆಲ್ಲ ಸತ್ಯ ಅಂತ ಪಾಠ ಮಾಡೋನು, ನಾನೇ ಹೇಳ್ತಾ ಇದೀನಿ. ಧೈರ್ಯ ಅಂತ ನಾನು ಬರ್ಕೊಂಡ್ರೆ ಅದನ್ನ ಓದೋನೂ ನಾನೊಬ್ನೇ. ಕೊಡಿ ನನ್ನ ಅಂಜಿಕೆ."

ಹೇಳಿ ಮುಗಿಸಿದ ಮೇಲೆ, ಎದ್ದು ನಿಂತಿದ್ದೇನೆಂದು ಅವನಿಗೆ ತಿಳಿಯಿತು. ಅವನಿಗಿಂತ ಮೊದಲು ಯಾರೂ ಮಾತಾಡಿರಲಿಲ್ಲ.

ಏಜಾಜ್ ಪೆಟ್ಟಿಗೆ ತೆರೆದು ಹಳೆಯ ರಟ್ಟುಗಳನ್ನು ಹಂಚಿದರು. ಗಂಗಹನುಮಯ್ಯ ಬೀಜ ಕುಲುಕಿ ಹಾಕಿದ. ನಾಲ್ಕು ತಲೆಗಳೂ ಬಾಗಿದವು. ಮೂರೇ ಬಿಳಿ. ಕೆಂಚ ಹೆಬ್ಬಾಗಿಲಿನಿಂದ ಹಿಂದೆ ಸರಿದ. ಅವನ ಬದಲು ಒತ್ತೆ ನಿಲ್ಲಲು ವೀರಭದ್ರಯ್ಯನ ಕಳ್ಳ ತನ್ನ ಕಲ್ಲೆದೆಯನ್ನು ಮೀರಬೇಕಿತ್ತು. ಅವನಿಗೆ ಆರು ಬಿಳಿ ಬಿದ್ದವು.

"ನಿನ್ ಕೆಂಚನ ದೆಸೆಯಿಂದ ನನ್ ತಲೆ ಒತ್ತೆ ಬಿತ್ತಲ್ಲಯ್ಯ ಮೇಷ್ಟ್ರೇ! ಸಂಜೆಯೊಳ್ಗೆ ಬರ್ದೆ ಇರು, ನೋಡ್ಕತೀನಿ," ಎಂದ ವೀರಭದ್ರಯ್ಯ. ಕಡಲೆಕಾಯಿ ಪೊಟ್ಟಣ ಎತ್ತಲೋ ಸರಿದಿತ್ತು.

ಒಂದು ಗಂಟೆಗೆ ಚೀಟಿಗಳು ಬಂದವು. ಸುಂದರಮ್ಮನದು ಧೈರ್ಯ. ವೀರಭದ್ರಯ್ಯನದೂ ಧೈರ್ಯ. ಏಜಾಜ್ ಮೂರನೆಯ ಚೀಟಿ ಬಿಚ್ಚಿ, ಒಮ್ಮೆ ಪರದೆಯ ಕಡೆ ನೋಡಿ, ಓದಿದರು. "ಅಂಜಿಕೆ."

"ಅಮ್ಮಾ, ಇದು ಅನ್ಯಾಯ!" ಎಂದು ವೀರಭದ್ರಯ್ಯನೇ ಕೂಗಿದ. "ಮೇಷ್ಟ್ರು ಈಗ ಎದ್ದು ನಿಂತು ಹೆಂಗ್ ಮಾತಾಡುದ್ರು, ಕೇಳಿಸ್ಲಿಲ್ವಾ?"

"ಕೇಳಿಸ್ತು ಬೇಟಾ," ಎಂದರು ಸರ್ವರ್ ಬೇಗಂ ಒಳಗಿನಿಂದ. "ಎದ್ದು ಮಾತಾಡಿದ್ದು ಮೇಷ್ಟ್ರು. ಕೆಂಚ ಹಿಂದಕ್ಕೇ ಹೋದ. ಮೇಷ್ಟ್ರಿಗೆ ರಟ್ಟಿಲ್ಲವಲ್ಲ, ಎಲ್ಲಿ ಬರೀಲಿ?"

ಅಷ್ಟು ನೇರವಾದ ತೂಕ ಗಂಗಹನುಮಯ್ಯ ಯಾವ ಕಾಲೇಜಿನಲ್ಲೂ ಕಂಡಿರಲಿಲ್ಲ. ಏಳನೇ ಕ್ಲಾಸು ಓದಿದ ಒಬ್ಬ ಮನುಷ್ಯ, ಹದಿನಾರು ಪುಟ ಕಳೆದುಹೋದ ಕಡೆ, ತಕ್ಕಡಿಯೊಂದನ್ನು ಕಟ್ಟಿ ನಿಲ್ಲಿಸಿದ್ದರು. ಅದು ಅಚ್ಚಾದ ಹೊತ್ತಗೆಗೂ ಬಾಗದೆ, ಎದುರು ಕೂತ ಪದವೀಧರನಿಗೂ ಬಾಗದೆ ನಿಂತಿತ್ತು. ಅವನು ತನ್ನ ರಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಏಜಾಜರಿಗೆ ಒಪ್ಪಿಸಿದ. ಸೋತೆನೆಂದು ಅನ್ನಿಸಲಿಲ್ಲ.

ಮುಂದಿನ ವಾರ ಏಜಾಜ್ ಮೆಜೆಸ್ಟಿಕ್ಕಿನ ಹೊತ್ತಗೆಯ ಹೊಲಿಗೆ ಬಿಚ್ಚಿ, ಆರನೆಯ ಪುಟದ ಎದುರಿಗೆ ಒಂದು ಹಾಳೆ ಸೇರಿಸಿ ಮತ್ತೆ ಹೊಲಿದರು. ಅದರಲ್ಲಿ ಕನ್ನಡದಲ್ಲಿ ಒಂದೇ ಸಾಲಿತ್ತು: ಇಲ್ಲಿ ಹೀಗೆ ಬರೆದಿದ್ದಾರೆ, ನಾವು ಹೀಗೆ ಆಡುವುದಿಲ್ಲ.

ಇದೆಲ್ಲ ಆಗಿ ಮೂರು ವರ್ಷವಾಯಿತು. ಸರ್ವರ್ ಬೇಗಂ ಹೋದ ವರ್ಷ ತೀರಿಕೊಂಡರು. ಕೆಂಚನ ಅಂಜಿಕೆ ಇನ್ನೂ ಅಳಿದಿಲ್ಲ. ಏಜಾಜ್ ಅಹಮದ್ ಈಗ ಮಂಡಿಪೇಟೆಯ ಅದೇ ಕೋಣೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಾರೆ, ಭಾನುವಾರ ಹತ್ತರಿಂದ ಒಂದರವರೆಗೆ ಆಟ ಆಡಿಸುತ್ತಾರೆ, ಮೂರನೆಯ ಚೀಟಿಯನ್ನು ತಾವೇ ಬರೆಯುತ್ತಾರೆ.