ಕರ್ನಲ್ ಸಾಹೇಬರಿಗೆ ಕೊಟ್ಟ ತೀರ್ಥ

ಹೋದ ವರ್ಷ ಕಾಫಿ ಕೊಯ್ಲು ಮುಗಿದು ಮೆಣಸು ಕೊಯ್ಯುತ್ತಿದ್ದ ಸಮಯ. ಸುಂಟಿಕೊಪ್ಪದ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿರುವ ನನ್ನ ಯಜಮಾನರು ಕೂತಿದ್ದ ಪಿಕಪ್ ಇಳಿಜಾರಿನಲ್ಲಿ ಮಗುಚಿತು. ಮೈಮೇಲೆ ಅಂಥ ಗಾಯವೇನೂ ಕಾಣಲಿಲ್ಲ. ಹೊಟ್ಟೆಯೊಳಗೆ, ಡಾಕ್ಟರು ಸ್ಪ್ಲೀನ್ ಎಂದು ಹೇಳಿದ ಅಂಗಕ್ಕೆ ಪೆಟ್ಟಾಗಿ ರಕ್ತ ಒಸರುತ್ತಿತ್ತು. ಕುಶಾಲನಗರದ ಆಸ್ಪತ್ರೆಯಲ್ಲಿ ಐಸಿಯುಗೆ ಹಾಕಿದರು. "ತಾನಾಗೇ ನಿಲ್ಲಬಹುದು. ನಿಲ್ಲದಿದ್ದರೆ ಆಪರೇಷನ್ ಮಾಡಬೇಕಾಗುತ್ತೆ. ಕಾಯೋಣ" ಎಂದರು ಸರ್ಜನ್.

ಕಾವೇರಮ್ಮನ ಭಕ್ತರು ಓದುತ್ತೀರಿ ಎಂದು ಇದನ್ನು ಬರೆಯುತ್ತಿದ್ದೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಆ ದಿನಗಳ ವಿಷಯದಲ್ಲಿ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುವ ಅಭ್ಯಾಸವಿದ್ದರೂ ಆ ವಾರದ ಪುಟಗಳು ಖಾಲಿ ಇವೆ. ಹಾಗಾಗಿ ಜೊತೆಗಿದ್ದವರನ್ನು ಕೇಳಿ ತಿಳಿದದ್ದನ್ನೂ ಸೇರಿಸಿದ್ದೇನೆ.

ಆ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನೇ. ಬೇರೆ ಯಾರೂ ಇಲ್ಲ. ಗಂಡ ಐಸಿಯುನಲ್ಲಿ ಮಲಗಿದ್ದಾಗ ಹೆಂಡತಿ ಕೆಳಗಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು ಅಂದರೆ ಓದುವವರಿಗೆ ಏನನ್ನಿಸುತ್ತದೋ ಗೊತ್ತಿಲ್ಲ. ಒಳಗೆ ಬಿಡುತ್ತಿದ್ದದ್ದು ಸ್ವಲ್ಪ ಹೊತ್ತು. ಉಳಿದ ಹೊತ್ತು ಬೆಂಚಿನ ಮೇಲೆ ಕೂತರೆ ಗೋಡೆ ನೋಡಬೇಕಿತ್ತು. ನನಗೆ ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಹಲ್ಲು ಕೀಳುವ ಮೊದಲು ದವಡೆಗೆ ಸೂಜಿ ಚುಚ್ಚಿದ ಹಾಗೆ ಮನಸ್ಸು ಜೋಮು ಹಿಡಿದಿತ್ತು. ಕಣ್ಣು ಮುಚ್ಚಿ "ಅಮ್ಮಾ ಕಾವೇರಿ" ಅಂದರೆ ಆ ಎರಡು ಪದಗಳ ಆಚೆ ಏನೂ ಬರುತ್ತಿರಲಿಲ್ಲ.

ಅದೇ ವಾರ ಒಂದು ಎಚ್ಚರಿಕೆ ಬಂತು. ಕಂಪ್ಯೂಟರಿನಲ್ಲಿ ನಾವು ಕಾಣುವ ಎಲ್ಲದರ ಅಡಿಯಲ್ಲಿ, ಯಾರಿಗೆ ಏನು ಕೊಡಬೇಕು ಕೊಡಬಾರದು ಎಂದು ನಿರ್ಧರಿಸುವ ಒಂದು ತಿರುಳಿದೆ. ಅದನ್ನು ನಾವು ಕರ್ನಲ್ ಎನ್ನುತ್ತೇವೆ. ಅದರಲ್ಲಿ ಬಹಳ ಕಾಲದಿಂದ ಯಾರ ಕಣ್ಣಿಗೂ ಬೀಳದ ಒಂದು ತೂತು ಸಿಕ್ಕಿತ್ತು. ಹೊರಗಿನವರು ಅದರಲ್ಲಿ ನುಗ್ಗಿದರೆ ಇಡೀ ಯಂತ್ರ ಅವರ ಕೈಗೆ. ಮುಚ್ಚಲು ಪ್ಯಾಚ್, ಅಂದರೆ ತೇಪೆಯಂಥ ಒಂದು ತಿದ್ದುಪಡಿ, ಬಂದಿತ್ತು. ಹಾಕಿ, ಯಂತ್ರವನ್ನು ಒಮ್ಮೆ ಆರಿಸಿ ಮತ್ತೆ ಎಬ್ಬಿಸಬೇಕು. ರೋಗಿಗಳ ಸ್ಕ್ಯಾನ್ ಚಿತ್ರಗಳೆಲ್ಲ ಇರುವುದು ಆ ಯಂತ್ರದಲ್ಲೇ. ನಮ್ಮವರದ್ದೂ ಅಲ್ಲೇ ಇತ್ತು. ಮಧ್ಯಾಹ್ನ ಆಪರೇಷನ್ ಯಾವುದೂ ಇಲ್ಲ, ಆಗ ಮಾಡಿಕೊಳ್ಳಿ ಎಂದು ಸರ್ಜನ್ ಒಪ್ಪಿದ್ದರು.

ಊಟದ ನಂತರ ಮೈಸೂರಿನಿಂದ ಹನೀಫ್ ಫೋನ್ ಮಾಡಿದ. ಅವನು ಸುಂಟಿಕೊಪ್ಪದ ಹುಡುಗ. ಇಂಥ ಯಂತ್ರಗಳನ್ನು ಒದಗಿಸುವ ಕಂಪನಿಯಲ್ಲಿದ್ದಾನೆ, ನನ್ನನ್ನು ಅಕ್ಕ ಎನ್ನುತ್ತಾನೆ. ಅತ್ತೆ ನನ್ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. ನಾನು ಹೇಳಿದ್ದು ಸುಮಾರು ಹೀಗೆ:

"ಹೂಂ ಹನೀಫ್, ನಮ್ಮ ಕರ್ನಲ್ ಹಳೇದೇ. ತೂತು ದೊಡ್ಡದು. ಬರೀ ಪ್ಯಾಚ್ ಹಾಕಿದ್ರೆ ಆಗಲ್ಲ, ಎಬ್ಬಿಸ್ಬೇಕು. ಎದ್ರೆ ಸರಿ. ಏಳ್ದಿದ್ರೆ ನನ್ನ ಕಥೆ ಮುಗೀತು."

ಫೋನ್ ಇಟ್ಟ ಮೇಲೆ ಅತ್ತೆ ಕೇಳಿದರು, "ಅಷ್ಟು ದೊಡ್ಡ ತೂತಾ?"

"ಹೂಂ ಅತ್ತೆ. ಎಷ್ಟೋ ವರ್ಷದಿಂದ ಇತ್ತಂತೆ. ಯಾರಿಗೂ ಗೊತ್ತಾಗಿರ್ಲಿಲ್ಲ."

"ಅಯ್ಯೋ ಪಾಪ. ನೋಡ್ಕಳೋರು ಯಾರೂ ಇಲ್ವಾ?"

"ನಾನೊಬ್ಳೇ."

"ಗಂಡ ಮೇಲೆ ಹಿಂಗೆ ಬಿದ್ದವ್ನೆ, ನೀನು ಇನ್ಯಾರನ್ನೋ ನೋಡ್ಕತೀಯ. ಇರ್ಲಿ, ಅದೂ ಪುಣ್ಯವೇ" ಎಂದು ಅತ್ತೆ ಕೈಚೀಲ ತೆಗೆದುಕೊಂಡು ಎದ್ದರು. "ನಾನು ಬರೋಗಂಟ ಎಬ್ಬುಸ್ಬೇಡ ಕಣವ್ವ."

ನನ್ನ ಯಜಮಾನರ ಮನೆಯವರು ಅರಕಲಗೂಡಿನ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ಆದರೂ ಕೊಡಗಿನಲ್ಲಿ ಇಷ್ಟು ವರ್ಷ ಬದುಕಿದ ಅತ್ತೆಗೆ ಕರ್ನಲ್ ಅಂದರೆ ಒಂದೇ ಅರ್ಥ: ಸೈನ್ಯದಿಂದ ನಿವೃತ್ತರಾಗಿ ತೋಟ ನೋಡಿಕೊಂಡಿರುವ, ಮೀಸೆ ಇರುವ ದೊಡ್ಡ ಮನುಷ್ಯರು. ಅಂಥವರೊಬ್ಬರು ಮೈಯಲ್ಲಿ ತೂತಾಗಿ, ಪ್ಯಾಚ್ ಹಾಕಿಸಿಕೊಂಡು, ಪ್ರಜ್ಞೆ ಇಲ್ಲದೆ ಯಾವುದೋ ವಾರ್ಡಿನಲ್ಲಿ ಮಲಗಿದ್ದಾರೆ ಎಂದುಕೊಂಡಿದ್ದರು. ಅತ್ತೆಯ ಚೀಲದಲ್ಲಿ ತುಲಾ ಸಂಕ್ರಮಣದ ದಿನ ತಲಕಾವೇರಿಯಿಂದ ತಂದ ತೀರ್ಥದ ಸಣ್ಣ ಬಾಟಲಿ ಇತ್ತು. ಕೊನೆಯುಸಿರಿನ ಹೊತ್ತಿಗೆ ಬಾಯಿಗೆ ಬಿಡಲು ಪ್ರತಿ ಮನೆಯಲ್ಲೂ ಇಡುತ್ತಾರಲ್ಲ, ಅದು. ಮೊದಲ ದಿನವೇ ನನಗೆ ಅದು ಕಂಡು, "ಯಾಕೆ ತಂದ್ರಿ ಅದನ್ನ?" ಎಂದು ಕೇಳಿದ್ದೆ. "ಜೊತೇಲಿರ್ಲಿ ಅಂತ" ಎಂದಿದ್ದರು. ಆಮೇಲೆ ನಾವಿಬ್ಬರೂ ಆ ಮಾತು ಎತ್ತಿರಲಿಲ್ಲ.

ಈಗ ಆ ತೀರ್ಥ ಹಿಡಿದು ಅತ್ತೆ ವಾರ್ಡಿನಿಂದ ವಾರ್ಡಿಗೆ ಹೋಗಿದ್ದಾರೆ. "ಕರ್ನಲ್ ಸಾಹೇಬ್ರು ಎಲ್ಲವ್ರೆ?" ಎಂದು ಕೇಳಿದ್ದಾರೆ. ದಾರಿಯುದ್ದಕ್ಕೂ "ತಾಯಿ, ಯಾರ ಮನೆ ಮಗನೋ, ಅವನೂ ಏಳ್ಲಿ" ಎಂದು ಬೇಡಿಕೊಂಡಿದ್ದಾರೆ. ಇದೆಲ್ಲ ಅವರು ನನಗೆ ಆಮೇಲೆ ಹೇಳಿದ್ದು.

ಕೆಳಗೆ ನಾನು ಎಲ್ಲ ಸಿದ್ಧಮಾಡಿ ಕೂತಿದ್ದೆ. ಒಂದು ಗುಂಡಿ ಒತ್ತುವುದಷ್ಟೇ ಬಾಕಿ. ಒತ್ತಲಿಲ್ಲ. ಅತ್ತೆಯ ಮಾತಿಗೆ ಕಾದೆನೇ? ಅವರು ಯಾವುದನ್ನು ಎಬ್ಬಿಸಬೇಡ ಎಂದರು ಎಂಬುದೇ ನನ್ನ ತಲೆಗೆ ಹೋಗಿರಲಿಲ್ಲ. ಯಾರೋ ಕಾಯಲು ಹೇಳಿದರು, ಕಾದೆ. ಅಥವಾ ಬೆರಳು ಎತ್ತುವ ಶಕ್ತಿ ಇರಲಿಲ್ಲ, ಅಷ್ಟೇ ಇರಬಹುದು. ಎಷ್ಟು ಸಲ ಯೋಚಿಸಿದರೂ ಇಲ್ಲಿ ನನಗೆ ಸ್ಪಷ್ಟವಿಲ್ಲ.

ಹನೀಫ್ ಮತ್ತೆ ಫೋನ್ ಮಾಡಿದ. "ಅಕ್ಕ, ಮಾಡ್ಬಿಟ್ರಾ?"

"ಇಲ್ಲ."

"ಮಾಡ್ಬೇಡಿ. ನಿಮ್ಮಲ್ಲಿರೋ ಥರದ ಯಂತ್ರಕ್ಕೆ ಆ ಪ್ಯಾಚ್ ಹಾಕಿದ್ರೆ ಅದು ಏಳ್ತಾ ಇಲ್ಲ. ಬೆಳಗ್ಗೆ ಹಾಕಿದೋರು ಇನ್ನೂ ಒದ್ದಾಡ್ತಾ ಇದಾರೆ. ಸರಿಮಾಡಿ ಕಳಿಸೋ ತನಕ ಹೊರಗಿನ ಇಂಟರ್ನೆಟ್ ಲೈನ್ ಕಿತ್ತಿಡಿ."

ಲೈನ್ ಕಿತ್ತೆ. ಕೈಯಲ್ಲಿ ಆ ವೈರು ಇರುವಾಗಲೇ ಐಸಿಯುನಿಂದ ಕರೆ ಬಂತು. ಬಿಪಿ ಕುಸಿಯುತ್ತಿದೆ.

ಮೇಲೆ ಓಡಿದೆ ಎಂದು ಬರೆಯಲು ಆಸೆ. ನಡೆದೆ ಎಂದೇ ನೆನಪು. ಸರ್ಜನ್ ಪರದೆಯ ಮುಂದೆ ನಿಂತು ಹಿಂದಿನ ಸ್ಕ್ಯಾನನ್ನೂ ಆಗಷ್ಟೇ ತೆಗೆದದ್ದನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಸ್ಪ್ಲೀನ್ ಹಾಗೇ ಇತ್ತು. ರಕ್ತ ಬರುತ್ತಿದ್ದದ್ದು ಇನ್ನೊಂದು ಕಡೆಯಿಂದ, ಮೊದಲ ದಿನ ಕಾಣದ ಒಂದು ಸಣ್ಣ ಹರುಕಿನಿಂದ. "ಇಲ್ಲಿ" ಎಂದು ಪರದೆಗೆ ಬೆರಳಿಟ್ಟು ತೋರಿಸಿ, ಯಜಮಾನರನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು.

ಬೆಂಚಿನ ಮೇಲೆ ಕೂತಿದ್ದಾಗ ಅತ್ತೆ ಬಂದರು. ಅವರಿಗೆ ಒಳಗಿನ ಸುದ್ದಿ ಇನ್ನೂ ತಿಳಿದಿರಲಿಲ್ಲ. "ಸಿಕ್ಕಿದ್ರು ಕಣೆ. ವ್ಯಾಯಾಮ ಮಾಡಿಸೋ ರೂಮಲ್ಲವ್ರೆ. ಮಂಡಿ ನೋವಂತೆ. ತೂತೂ ಇಲ್ಲ ಗೀತೂ ಇಲ್ಲ. ಚೆನ್ನಾಗೇ ಎದ್ದು ನಿಂತ್ಕಂಡು ತೀರ್ಥ ತಗಂಡ್ರು. 'ನಿಮ್ಮ ಮಗ ಹೇಗಿದಾನೆ?' ಅಂತ ಕೇಳಿದ್ರು."

ಆಗ ನಾನು ನಕ್ಕೆನಂತೆ. ಅತ್ತೆ ಹಾಗೆ ಹೇಳುತ್ತಾರೆ. ನನಗೆ ನೆನಪಿಲ್ಲ. ಮಗನನ್ನು ಒಳಗೆ ಒಯ್ದಿದ್ದಾರೆಂದು ಹೇಳಿದ್ದು ನೆನಪಿದೆ, ಅವರು ನನ್ನ ಕೈ ಹಿಡಿದು ಕೂತದ್ದೂ ನೆನಪಿದೆ. ತೀರ್ಥ ಕೊಟ್ಟ ಆ ಕೈ ಇನ್ನೂ ಒದ್ದೆಯಿತ್ತು.

ಹೊರಗೆ ಬಂದ ಸರ್ಜನ್ ಮುಖದ ಬಟ್ಟೆ ಇಳಿಸಿ, "ರಕ್ತ ನಿಂತಿದೆ" ಎಂದರು. ಕೆಲವು ದಿನ ಬಿಟ್ಟು ಅವರನ್ನೇ ಕೇಳಿದೆ, ಆ ಹೊತ್ತಿಗೆ ಯಂತ್ರ ಸತ್ತಿದ್ದರೆ? ಅವರು ಸುಳ್ಳು ಸಮಾಧಾನ ಹೇಳುವವರಲ್ಲ. "ಸ್ಕ್ಯಾನ್ ನೋಡದೇ ಇದ್ದಿದ್ರೂ ಕೈ ಹಾಕ್ತಿದ್ದೆವು. ಸ್ಪ್ಲೀನ್ ಅಂತಲೇ ಅಲ್ಲಿ ಹುಡುಕ್ತಿದ್ದೆವು. ನಿಮ್ಮವರಿಗೆ ಅಷ್ಟು ಹೊತ್ತು ಇರಲಿಲ್ಲ ಕಣಮ್ಮ" ಎಂದರು.

ಮಾರನೆಯ ದಿನ ತಿದ್ದಿದ ಪ್ಯಾಚ್ ಬಂತು. ಹಾಕಿದೆ, ಆರಿಸಿದೆ. ಕಪ್ಪು ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿ ಯಂತ್ರ ಎದ್ದಿತು.

ಇದು ಪವಾಡವೇ ಎಂದು ಹನೀಫನನ್ನು ಕೇಳಿದರೆ, "ಅಕ್ಕ, ಪ್ಯಾಚ್ ಕೆಟ್ಟಿತ್ತು, ನೀವು ತಡ ಮಾಡಿದ್ರಿ. ಮೇಲಿರೋನು ನೋಡ್ಕೊಂಡ" ಎನ್ನುತ್ತಾನೆ. ನಾನು ಓದಿದವಳು, ನನಗೆ ಅನುಮಾನ ಮಾಡುವುದು ಅಭ್ಯಾಸ. ಆದರೆ ಆ ಮಧ್ಯಾಹ್ನ ನಾನು ಪ್ರಾರ್ಥಿಸಲಿಲ್ಲ ಎಂಬುದರಲ್ಲಿ ಅನುಮಾನವಿಲ್ಲ. ಪ್ರಾರ್ಥಿಸಿದವರು ಅತ್ತೆ, ಅದೂ ತಮ್ಮ ಮಗನಿಗಲ್ಲ. ಯಾರೋ ಗೊತ್ತಿಲ್ಲದವರು ಏಳಲಿ ಎಂದು ಬೇಡಿಕೊಂಡರು. ತಾಯಿ ಕಾವೇರಿ ಅದನ್ನು ಎಲ್ಲಿಗೆ ಮುಟ್ಟಿಸಬೇಕೋ ಅಲ್ಲಿಗೆ ಮುಟ್ಟಿಸಿದಳು. ಇದಕ್ಕಿಂತ ಸರಿಯಾದ ವಿವರಣೆ ನನಗೆ ಇದುವರೆಗೆ ಸಿಕ್ಕಿಲ್ಲ, ಈಗ ಹುಡುಕುವುದನ್ನೂ ಬಿಟ್ಟಿದ್ದೇನೆ.

ಜೋಮು ಒಂದೇ ದಿನಕ್ಕೆ ಬಿಡಲಿಲ್ಲ. ಯಜಮಾನರು ಮನೆಗೆ ಬಂದ ಮೇಲೂ ಬಹಳ ದಿನ ಹಾಗೇ ಇದ್ದೆ. ಒಂದು ಬೆಳಿಗ್ಗೆ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತು ಉಪ್ಪು ಹಾಕೋದು ಮರ್ತಿದೀಯ" ಎಂದರು. ಆ ಮಾತಿಗೆ ಒಲೆಯ ಮುಂದೆಯೇ ಕುಸಿದು ಕೂತು, ಆ ವಾರದ್ದೆಲ್ಲ ಸೇರಿಸಿ ಅತ್ತುಬಿಟ್ಟೆ. ಅವರು ಏನೂ ಕೇಳದೆ ಒಲೆ ಆರಿಸಿ ಪಕ್ಕದಲ್ಲಿ ಕೂತರು. ಅಮ್ಮಾ ಕಾವೇರಿ, ಅವರು ಕೂತರು.